ಅರಿಜೋನಾದ ಕಣಿವೆಯಿಂದ ಬಂದ ಕರೆ

ಕೋವಿಡ್ ನಿರ್ಬಂಧಗಳೆಲ್ಲ ತೆರವಾಗಿ ಡಚ್ಚರು ಮತ್ತೆ ಊರೂರು ಸುತ್ತಲು ಹೊರಟಿದ್ದ ಚಳಿಗಾಲವದು. ನಾನಾಗ ಆಮ್‌ಸ್ಟರ್‌ಡ್ಯಾಮಿನ ಹೊರವಲಯದಲ್ಲಿದ್ದ ಒಂದು ಅಲಾರ್ಮ್‌ಸೆಂಟ್ರಾಲೆಯಲ್ಲಿ ಹಿರಿಯ ಮೆಡಿಕಲ್ ಕೋಆರ್ಡಿನೇಟರ್ ಆಗಿದ್ದೆ. ಪ್ರವಾಸ ವಿಮೆ ಮಾಡಿಸಿದವರು ಹೊರದೇಶದಲ್ಲಿ ಕಾಯಿಲೆ ಬಿದ್ದಾಗ, ಅಪಘಾತಕ್ಕೆ ಸಿಕ್ಕಾಗ ಫೋನ್ ಮಾಡುವ ಜಾಗ ಅದು. ಉಡುಪಿಯಲ್ಲಿ ನರ್ಸಿಂಗ್ ಓದಿ, ಮಂಗಳೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಾರ್ಡಿನಲ್ಲಿ ದುಡಿದು, ಮದುವೆಯಾಗಿ ಈ ದೇಶಕ್ಕೆ ಬಂದವಳು ನಾನು. ಡಚ್ ಕಲಿತ ಮೇಲೆ ಸಿಕ್ಕಿದ ಮೊದಲ ಕೆಲಸ ಇದು. ಅದನ್ನೇ ಹಿಡಿದು ಕೂತೆ.

ನಮ್ಮ ಕೆಲಸದಲ್ಲಿ ಆಶ್ಚರ್ಯ ಕಡಿಮೆ. ಚಳಿಗಾಲದಲ್ಲಿ ಆಸ್ಟ್ರಿಯಾದಿಂದ ಮುರಿದ ಮೊಣಕಾಲುಗಳು, ಬೇಸಿಗೆಯಲ್ಲಿ ಟರ್ಕಿಯಿಂದ ಎದೆನೋವುಗಳು. ಹತ್ತಿರದ ಆಸ್ಪತ್ರೆ ಹುಡುಕಿ, ಅಲ್ಲಿನ ಡಾಕ್ಟರ ಜೊತೆ ನಮ್ಮ ಡಾಕ್ಟರನ್ನು ಮಾತಾಡಿಸಿ, ಆಮೇಲೆ ರೋಗಿಯನ್ನು ಮನೆಗೆ ತರುವ ಏರ್ಪಾಡು ಮಾಡಬೇಕು. ಮಧ್ಯಾಹ್ನದ ಪಾಳಿ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹೊರಗೆ ಆಗಲೇ ಬೆಳಕು ಇಳಿಯುತ್ತಿತ್ತು. ಆಗ ಒಂದು ಸ್ಯಾಟಲೈಟ್ ಫೋನಿನಿಂದ ಕರೆ ಬಂತು. ಅಂಥ ಫೋನಿನಲ್ಲಿ ನಮ್ಮ ಮಾತು ಅತ್ತ ಹೋಗಿ ಉತ್ತರ ಬರಲು ಒಂದು ಗಳಿಗೆ ಹಿಡಿಯುತ್ತದೆ. ಆ ಖಾಲಿ ಗಳಿಗೆಯಲ್ಲಿ ಜೋರು ಗಾಳಿಯ ಸದ್ದು ಕೇಳಿಸುತ್ತಿತ್ತು.

ಕರೆ ಮಾಡಿದ ಯುವಕ ಇಂಗ್ಲಿಷಿನಲ್ಲಿ ವಿಷಯ ಹೇಳಿದ. ಅವನು ಮತ್ತು ಅವನ ಹೆಂಡತಿಯ ತಂದೆ ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರದ ಮರುಭೂಮಿ ಬೆಟ್ಟಗಳಲ್ಲಿ ಜಿಂಕೆ ಬೇಟೆಗೆ ಹೋಗಿದ್ದರು. ಅಲ್ಲಿ ಆಗ ಬೆಳಿಗ್ಗೆ. ವಿಮ್ ಅನ್ನುವ ಆ ಹಿರಿಯರು ಸಡಿಲ ಕಲ್ಲಿನ ಇಳಿಜಾರಿನಲ್ಲಿ ಜಾರಿ ಬಂಡೆಗಳ ಮೇಲೆ ಬಿದ್ದಿದ್ದರು. ಬಲತೊಡೆ ಮುರಿದಿದೆ ಅಂತ ಕಾಣುತ್ತದೆ, ಸೊಂಟವೂ ನೋಯುತ್ತಿದೆಯಂತೆ. ಇಷ್ಟು ಹೇಳಿದವನು ಫೋನನ್ನು ಪಕ್ಕಕ್ಕೆ ಹಿಡಿದು ತನ್ನಷ್ಟಕ್ಕೆ ಗೊಣಗಿದ: "ಅಯ್ಯೋ, ಕಾಲು ಹಿಂಗ್ ತಿರುಗ್ಬಿಟ್ಟಿದ್ಯಲ್ಲಪ್ಪಾ."

ನಾನು ಕನ್ನಡಕ್ಕೆ ತಿರುಗಿದೆ. "ನಾನು ಉಡುಪಿಯವಳು, ಹೆಸರು ವಿನಯಾ. ನೀವು ಕನ್ನಡದಲ್ಲೇ ಹೇಳಿ. ಮೊದಲು ನೀವಿರುವ ಜಾಗದ ಕೋಆರ್ಡಿನೇಟ್ಸ್ ಓದಿ."

ಅವನು ಅಂಕಿಗಳನ್ನು ಓದಿದ, ನಾನು ಬರೆದುಕೊಂಡೆ. ಹೆಸರು ಸುಹಾಸ್, ಮೈಸೂರಿನವನು. ಉಳಿದದ್ದೆಲ್ಲ ನನಗೆ ಆಮೇಲೆ ತಿಳಿದದ್ದು. ಆಮ್‌ಸ್ಟರ್‌ಡ್ಯಾಮಿನ ಜೈಡಾಸ್‌ನ ಬ್ಯಾಂಕೊಂದರಲ್ಲಿ ಐಟಿ ಕೆಲಸ, ಪಕ್ಕದ ಬೈಟನ್‌ವೆಲ್ಡರ್ಟ್‌ನಲ್ಲಿ ಮನೆ. ಹೆಂಡತಿ ಮರೈಕೆ ಉತ್ತರದ ಗ್ರೋನಿಂಗನ್ ಕಡೆಯವಳು, ವಿಮ್‌ಗೆ ಒಬ್ಬಳೇ ಮಗಳು. ವಿಮ್ ಕೆಲಸದಲ್ಲಿದ್ದಷ್ಟೂ ದಿನ ಪೋಲ್ಡರ್‌ನಲ್ಲಿ, ಅಂದರೆ ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲದಲ್ಲಿ, ನೀರೆತ್ತುವ ಪಂಪುಗಳನ್ನು ನೋಡಿಕೊಂಡವರು. ಲೈಸೆನ್ಸ್ ಇರುವ ಬೇಟೆಗಾರ. ಆದರೆ ಬೇಟೆಯಾಡಿದ್ದೆಲ್ಲ ಕಣ್ಣು ಹಾಯಿಸಿದಷ್ಟೂ ಸಪಾಟಾದ ಹೊಲಗಳಲ್ಲಿ. ನಿವೃತ್ತಿಯಾದ ಮೇಲೆ ಒಮ್ಮೆ ಬೆಟ್ಟದಲ್ಲಿ ಬಿಳಿಬಾಲದ ಜಿಂಕೆ ಹೊಡೆಯಬೇಕು ಅನ್ನುವುದು ಅವರ ಆಸೆ. ಅವರ ಹೆಂಡತಿ ತೀರಿಹೋಗಿದ್ದರು. ಒಬ್ಬರನ್ನೇ ಕಳಿಸಲು ಮಗಳು ಒಪ್ಪಲಿಲ್ಲ. ಹಾಗಾಗಿ, ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಬೆಳೆದ ಅಳಿಯ, ಬಂದೂಕು ಮುಟ್ಟುವುದಿಲ್ಲ ಎಂಬ ಕರಾರಿನ ಮೇಲೆ ಜೊತೆಗೆ ಹೊರಟಿದ್ದ.

ನಾನು ಆ ಜಿಲ್ಲೆಯ ರಕ್ಷಣಾ ದಳಕ್ಕೆ ಫೋನ್ ಮಾಡಿದೆ. ಅಲ್ಲಿನ ಸಂಯೋಜಕಿ ಶಾಂತ ದನಿಯ ಹೆಂಗಸು. ಕೋಆರ್ಡಿನೇಟ್ಸ್ ಹಿಡಿದು ಜಾಗವನ್ನು ನಕ್ಷೆಯಲ್ಲಿ ಹುಡುಕಿದಳು. ಆ ಕಣಿವೆಗೆ ದಾರಿಯಿಲ್ಲ, ಜೀಪು ನಿಲ್ಲುವ ಜಾಗದಿಂದ ನಡೆದೇ ಹತ್ತಬೇಕು, ಹೆಲಿಕಾಪ್ಟರ್ ಹೋಗಬೇಕೆಂದರೆ ಗಾಳಿ ಬಿಡಬೇಕು ಅಂದಳು. ಹೆಲಿಕಾಪ್ಟರನ್ನೂ ನಡೆದು ಹೋಗುವ ತಂಡವನ್ನೂ ಒಟ್ಟಿಗೇ ಹೊರಡಿಸುತ್ತೇನೆ ಎಂದಳು. ಫೋನಿನ ಬ್ಯಾಟರಿ ಹಿಂದಿನ ರಾತ್ರಿಯ ಚಳಿಗೆ ಅರ್ಧಕ್ಕಿಂತ ಕೆಳಗಿಳಿದಿದೆ ಎಂದು ಸುಹಾಸ್ ಹೇಳಿದ್ದ. ಅದನ್ನು ತಿಳಿಸಿದಾಗ ಅವಳು, "ಅವರಿಗೆ ಸಿಗುತ್ತಿರುವುದು ನಿಮ್ಮ ಲೈನು. ಅದನ್ನು ಬದಲಿಸಬೇಡಿ. ಅವರು ನಿಮಗೇ ಮಾಡಲಿ, ನೀವು ನನಗೆ ತಿಳಿಸಿ," ಎಂದಳು. ಅರ್ಧ ಗಂಟೆಗೊಮ್ಮೆ ಎರಡೇ ನಿಮಿಷ ಮಾತಾಡಿ ಫೋನ್ ಆಫ್ ಮಾಡುವುದು ಎಂದು ತೀರ್ಮಾನವಾಯಿತು.

ಮುಂದಿನ ಕರೆಯಲ್ಲಿ ನಮ್ಮ ಡ್ಯೂಟಿ ಡಾಕ್ಟರೂ ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತರು. ಕಾಲಿಗೆ ಕಟ್ಟಲು ಏನಿದೆ ಅಂತ ಕೇಳಿದೆ. ದುರ್ಬೀನಿನ ಟ್ರೈಪಾಡ್ ಇತ್ತು. ಆ ಬೇಟೆಯಲ್ಲಿ ನಡೆಯುವುದಕ್ಕಿಂತ ಕೂತು ನೋಡುವುದೇ ಹೆಚ್ಚಂತೆ. ಬೆಳಕು ಹರಿಯುವ ಮೊದಲೇ ಎತ್ತರದಲ್ಲಿ ಟ್ರೈಪಾಡ್ ನಿಲ್ಲಿಸಿ, ಎದುರು ಗುಡ್ಡದ ಮುಳ್ಳುಪೊದೆ, ಕತ್ತಾಳೆ, ಬಂಡೆಗಳನ್ನು ಒಂದೊಂದೇ ಗೇಣಿನಷ್ಟು ಸೋಸುತ್ತಾ ಹೋಗಬೇಕು. ಅಲ್ಲಿನ ಜಿಂಕೆ ಚಿಕ್ಕದು, ಬೂದು ಬಣ್ಣ. ಅಲುಗದೆ ನಿಂತರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಹಲವು ದಿನ ಹೀಗೆ ಕೂತ ಮೇಲೆ ಆ ಬೆಳಿಗ್ಗೆ ವಿಮ್ ಒಂದು ಗಂಡು ಜಿಂಕೆಯನ್ನು ಹೊಡೆದಿದ್ದರು. ಅದು ಕಣಿವೆಯ ಆಚೆ ಬದಿಯಲ್ಲಿ ಬಿದ್ದಿತ್ತು. ಅದರ ಹತ್ತಿರ ಹೋಗಲು ಇಳಿಯುವಾಗಲೇ ಕಾಲು ಜಾರಿದ್ದು.

ಟ್ರೈಪಾಡಿನ ಕಾಲುಗಳನ್ನು ತೊಡೆಯ ಎರಡೂ ಬದಿಗಿಟ್ಟು ಬ್ಯಾಗಿನ ಪಟ್ಟಿಗಳಿಂದ ಕಟ್ಟಿಸಿದೆವು. ವಿಮ್ ಕೂಗಲಿಲ್ಲ. ಉಸಿರು ಎಳೆದುಕೊಂಡದ್ದು ಮಾತ್ರ ಫೋನಿನಲ್ಲಿ ಕೇಳಿಸಿತು. ಇದ್ದ ಜಾಕೆಟ್, ಮಲಗುಚೀಲ ಎಲ್ಲ ಹೊದೆಸಲು ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಮಗಳಿಗೆ ತಿಳಿಸುವುದು ನನ್ನ ಕೆಲಸವೇ. ಮರೈಕೆ ಮೊದಲ ರಿಂಗಿಗೇ ಎತ್ತಿದಳು. ಕೇಳಿಸಿಕೊಂಡಳು. "ಅಪ್ಪನಿಗೆ ಲೈನ್ ಕೊಡಿ," ಅಂದಳು. ಅವರನ್ನು ಕೇಳುತ್ತೇನೆ, ಬ್ಯಾಟರಿ ಕಡಿಮೆಯಿದೆ ಎಂದೆ. "ಒಂದು ನಿಮಿಷ ಸಾಕು," ಎಂದಳು.

ಹೆಲಿಕಾಪ್ಟರ್ ಬಂತು. ಸುಹಾಸ್‌ಗೆ ಅದು ಕಾಣಿಸಿತಂತೆ, ತನ್ನ ಕೆಂಪು ಜಾಕೆಟ್ ಬೀಸಿದನಂತೆ. ಕಣಿವೆಯ ಬಾಯಿಗೆ ಬಂದು ಗಾಳಿಗೆ ವಾಲಿತು, ಮತ್ತೊಮ್ಮೆ ಬಂತು, ವಾಪಸ್ ಹೋಯಿತು. "ಯಾಕೆ ಹೋಯ್ತು ಮೇಡಂ?" ಅಂತ ಕೇಳಿದ. ಸಂಯೋಜಕಿ ಹೇಳಿದ್ದನ್ನೇ ನಾನು ಹೇಳಿದೆ. ಗಾಳಿ ತಗ್ಗುವವರೆಗೆ ಬರಲಾರರು, ನಡೆದು ಬರುವ ತಂಡ ಹೊರಟಿದೆ, ಹತ್ತಲು ಹಲವು ಗಂಟೆ ಬೇಕು.

ಅದರ ನಂತರದ ಕರೆಯಲ್ಲಿ ಸುಹಾಸ್‌ನ ದನಿ ತಗ್ಗಿತ್ತು.

"ಅಕ್ಕಾ, ಕನ್ನಡದಲ್ಲೇ ಮಾತಾಡೋಣ. ಇವರು ಕೇಳಿಸ್ಕೊತಿದ್ದಾರೆ. ತೊಡೆ ಊದ್ಕೊಂಡು ಡಬ್ಬಲ್ ಆಗಿದೆ. ಮುಖ ಬಿಳುಚ್ಕೊಂಡಿದೆ. ನೀರು ನೀರು ಅಂತಾರೆ. ಮಾವ ಉಳೀತಾರಾ?"

ಮುರಿದ ತೊಡೆಯೊಳಗೆ ಲೀಟರುಗಟ್ಟಲೆ ರಕ್ತ ಹೊರಗೆ ಕಾಣದಂತೆ ಸೇರಿಕೊಳ್ಳಬಹುದು ಎನ್ನುವುದು ಎಮರ್ಜೆನ್ಸಿ ವಾರ್ಡಿನಲ್ಲಿದ್ದ ಎಲ್ಲರಿಗೂ ಗೊತ್ತು. ಸೊಂಟದ ಮೂಳೆಯೂ ಒಡೆದಿದ್ದರೆ ಇನ್ನೂ ಹೆಚ್ಚು. ಮಂಗಳೂರಿನಲ್ಲಾಗಿದ್ದರೆ ನಾನು ಎರಡು ಕೈಗೂ ಡ್ರಿಪ್ ಹಾಕಿ, ರಕ್ತಕ್ಕೆ ಬ್ಲಡ್ ಬ್ಯಾಂಕಿಗೆ ಓಡುತ್ತಿದ್ದೆ. ಇಲ್ಲಿ ಬಿಸಿಗಾಳಿಯ ಹೀಟರಿನ ಪಕ್ಕ, ಕಾಫಿ ಕಪ್ ಮುಂದಿಟ್ಟುಕೊಂಡು ಕೂತಿದ್ದೆ. ಡಾಕ್ಟರತ್ತ ನೋಡಿದೆ. ಅವರಿಗೆ ಕನ್ನಡ ತಿಳಿಯದಿದ್ದರೂ ನನ್ನ ಮುಖ ಓದಿ ತಲೆ ತಗ್ಗಿಸಿದರು.

"ಹೇಳ್ಲಿಕ್ಕೆ ಆಗುವುದಿಲ್ಲ ಸುಹಾಸ್," ಅಂದೆ. "ಒಳಗೆ ರಕ್ತ ಹೋಗ್ತಾ ಇದೆ. ತಂಡ ಬೇಗ ಬಂದ್ರೆ ಉಳಿಯಬಹುದು. ಬೇಗ ಬರ್ತಾರಾ ಅಂತ ನಂಗೆ ಗೊತ್ತಿಲ್ಲ."

"ನಾನೇ ಹೊತ್ಕೊಂಡು ಇಳಿಲಾ?"

"ಬೇಡ. ಅಲುಗಾಡಿಸಿದ್ರೆ ರಕ್ತ ಹೆಚ್ಚು ಹೋಗ್ತದೆ. ನೀವು ಅವರಿಗೆ ಒತ್ತಿಕೊಂಡು ಕೂತ್ಕೊಳ್ಳಿ. ಮೈ ಬೆಚ್ಚಗಿರ್ಬೇಕು."

ಆಗ ಹಿಂದಿನಿಂದ ವಿಮ್ ಡಚ್ಚಿನಲ್ಲಿ ಏನೋ ಅಂದರು. ಸುಹಾಸ್ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದ.

"ಮೇಡಂ, ಅಳಿಯ ನನ್ನೆದುರಿಗೇ ನಿಮ್ಮ ಭಾಷೆಗೆ ಹೊರಟುಹೋದ. ಅಂದರೆ ಸುದ್ದಿ ಚೆನ್ನಾಗಿಲ್ಲ," ಎಂದರು ವಿಮ್.

ನಾನು ಡಚ್ಚಿನಲ್ಲಿ ಇದ್ದದ್ದನ್ನು ಹೇಳಿದೆ. ಹೆಲಿಕಾಪ್ಟರ್ ವಾಪಸ್ ಹೋದದ್ದು, ತಂಡ ಎಲ್ಲಿದೆ, ರಕ್ತಸ್ರಾವದ ಅನುಮಾನ. ಮಗಳು ಇನ್ನೊಂದು ಲೈನಿನಲ್ಲಿ ಕಾಯುತ್ತಿದ್ದಾಳೆ, ಮಾತಾಡುತ್ತೀರಾ ಎಂದು ಕೇಳಿದೆ.

"ಬೇಡ. ನನ್ನ ಹಲ್ಲು ಕಟಕಟ ಅನ್ನುತ್ತಿದೆ. ಅದನ್ನು ಅವಳು ಕೇಳಬಾರದು. ಆಸ್ಪತ್ರೆಯಿಂದ ನಾನೇ ಫೋನ್ ಮಾಡುತ್ತೇನೆ ಅಂತ ಹೇಳಿ."

ಮರೈಕೆಗೆ ಅಷ್ಟನ್ನೇ ಹೇಳಿದೆ: "ಆಸ್ಪತ್ರೆಯಿಂದ ಅವರೇ ಫೋನ್ ಮಾಡುತ್ತಾರಂತೆ." ಹಲ್ಲಿನ ಮಾತು ಹೇಳಲಿಲ್ಲ. ಅವಳು ಫೋನ್ ಇಟ್ಟಳು. ಐದು ನಿಮಿಷದಲ್ಲಿ ಮತ್ತೆ ಮಾಡಿದಳು. ಆ ಸಂಜೆ ಹಾಗೆ ಎಷ್ಟೋ ಸಲ ಮಾಡಿದಳು. ಒಮ್ಮೆ ವಿಮಾನ ಹತ್ತಲಾ ಅಂತ ಕೇಳಿದಳು. ಒಮ್ಮೆ ನನ್ನ ಮೇಲಧಿಕಾರಿಯನ್ನು ಕರೆಯಿರಿ ಅಂದಳು. ಒಮ್ಮೆ ಏನೂ ಕೇಳದೆ ಅಳುತ್ತಾ ಕೂತಳು. ನಾನು ಲೈನ್ ಬಿಡಲಿಲ್ಲ. ಆಮೇಲೆ ಎರಡು ಸಲ ಸುಹಾಸ್ ಮೂಲಕ ವಿಮ್ ಅವರನ್ನು ಅದೇ ಪ್ರಶ್ನೆ ಕೇಳಿಸಿದೆ. ಎರಡು ಸಲವೂ ಬೇಡ ಅಂದರು.

ಕೊನೆಯ ಕರೆಯಲ್ಲಿ ಸುಹಾಸ್ ಬೇರೆಯೇ ಒಂದು ವಿಷಯ ಎತ್ತಿದ. "ಜಿಂಕೆ ಹತ್ರ ಹೋಗಿ ಲೈಸೆನ್ಸ್ ಟ್ಯಾಗ್ ಕಟ್ಟಿ ಬಾ, ಮಾಂಸ ಹಾಳಾಗ್ಬಾರ್ದು ಅಂತ ಒಂದೇ ಸಮ ಹೇಳ್ತಿದ್ದಾರೆ ಅಕ್ಕಾ. ನನಗೆ ಇಲ್ಲಿಂದ ಕಾಣ್ಸತ್ತೆ ಅದು. ಹೋಗಲ್ಲ ಅಂದೆ. ಬೈತಿದ್ದಾರೆ."

"ಬೈತಿದ್ರೆ ಬೈಲಿ. ಬೈಯ್ಲಿಕ್ಕೆ ಶಕ್ತಿ ಇದೆಯಲ್ಲ," ಅಂದೆ.

"ಅಕ್ಕಾ, ಈಗ ಬೈಯೋದು ನಿಲ್ಸಿ..."

ಅಲ್ಲಿಗೆ ಲೈನ್ ಕಟ್ಟಾಯಿತು. ಗಾಳಿಗೋ, ಬೆಟ್ಟದ ಅಡ್ಡಕ್ಕೋ ಹೀಗಾಗಿರಬಹುದೆಂದು ಅರ್ಧ ಗಂಟೆ ಕಾದೆ. ಇನ್ನೊಂದು ಅರ್ಧ ಗಂಟೆಯೂ ಕಳೆಯಿತು. ನಾವು ಮಾಡಿದರೆ ಸ್ವಿಚ್ ಆಫ್ ಎಂಬ ಧ್ವನಿಮುದ್ರಣ ಬರುತ್ತಿತ್ತು. ಸಂಯೋಜಕಿಗೆ ತಿಳಿಸಿದೆ. "ತಂಡ ಹತ್ತುತ್ತಿದೆ," ಎಂದಳು. ಅದೇ ಮಾತನ್ನು ಮರೈಕೆಗೆ ಹೇಳಿದೆ. ಪಾಳಿ ಮುಗಿದು ಫೈಲನ್ನು ಮುಂದಿನವನಿಗೆ ಒಪ್ಪಿಸುವಾಗಲೂ ಹೇಳಲು ಇದ್ದದ್ದು ಅಷ್ಟೇ. ಟ್ರಾಮಿಗೆ ನಡೆದು ಹೋದೆ. ಎಲ್ಲಾದರೂ ಗಾಳಿ ಬೀಸಿದರೆ ಸಿಟ್ಟು ಬರುತ್ತಿತ್ತು.

ಬೆಳಿಗ್ಗೆ ಸಹೋದ್ಯೋಗಿ ಫೋನ್ ಮಾಡಿ ಹೇಳಿದ. ಸೂರ್ಯ ಮುಳುಗುವ ಮುಂಚೆ ತಂಡ ಅವರನ್ನು ತಲುಪಿತ್ತು. ವಿಮ್‌ಗೆ ಆಗಲೂ ಉಸಿರಿತ್ತು, ಸ್ಟ್ರೆಚರಿಗೆ ಕಟ್ಟುವಾಗ ಕಣ್ಣು ಬಿಟ್ಟರಂತೆ. ಹಗ್ಗ ಕಟ್ಟಿ ಬಂಡೆಯಿಂದ ಬಂಡೆಗೆ ಇಳಿಸುವಾಗ, ರಸ್ತೆ ಸಿಗುವುದಕ್ಕೆ ಮೊದಲೇ ತೀರಿಕೊಂಡರು. ಸುಹಾಸ್ ಸ್ಟ್ರೆಚರಿನ ಒಂದು ಬದಿ ಹಿಡಿದು ಕೊನೆಯವರೆಗೂ ನಡೆದಿದ್ದ.

ದೇಹವನ್ನು ಮನೆಗೆ ತರುವುದೂ ನಮ್ಮ ಡೆಸ್ಕಿನ ಕೆಲಸವೇ. ಅದನ್ನು ನಾನೇ ಕೇಳಿ ತೆಗೆದುಕೊಂಡೆ. ಮರಣ ಪ್ರಮಾಣಪತ್ರ, ಕಾನ್ಸುಲೇಟ್, ಶವಕ್ಕೆ ಸತುವಿನ ಪೆಟ್ಟಿಗೆ, ವಿಮಾನದ ಕಾರ್ಗೋ. ಇವೆಲ್ಲ ನನಗೆ ಚೆನ್ನಾಗಿ ಬರುವ ಕೆಲಸಗಳು. ಒಂದೂ ತಪ್ಪದೆ ಮಾಡಿದೆ. ಹಿಂದಿನ ದಿನ ಬೇಕಾಗಿದ್ದ ಒಂದನ್ನೂ ಮಾಡಲಾಗದವಳಿಗೆ ಇದೆಲ್ಲ ಎಷ್ಟು ಸಲೀಸಾಗಿ ಬರುತ್ತಿತ್ತು. ಜಿಂಕೆಯ ವಿಷಯವನ್ನು ಸುಹಾಸ್ ಫೋನಿನಲ್ಲಿ ಹೇಳಿದ. ಹೊಡೆದ ಪ್ರಾಣಿಯ ಮಾಂಸವನ್ನು ಬೆಟ್ಟದಲ್ಲೇ ಬಿಡುವುದು ಅಲ್ಲಿನ ಕಾನೂನಿನಲ್ಲಿ ತಪ್ಪಂತೆ. ರಕ್ಷಣಾ ದಳದ ಇಬ್ಬರು ಸ್ವಯಂಸೇವಕರು ಮಾರನೆಯ ದಿನ ಮತ್ತೆ ಹತ್ತಿ ಅದನ್ನು ಇಳಿಸಿಕೊಂಡು ಬಂದರು. ಇವನೂ ಅವರ ಜೊತೆ ಹೋಗಿ ಹೊತ್ತಿದ್ದ. ಮಾಂಸವನ್ನು ಅವರಿಗೇ ಕೊಟ್ಟನಂತೆ.

ಶವಸಂಸ್ಕಾರವಾಗಿ ಕೆಲವು ವಾರಗಳ ಮೇಲೆ ಗಂಡ ಹೆಂಡತಿ ನಮ್ಮ ಆಫೀಸಿಗೆ ಬಂದರು. ಮರೈಕೆಯನ್ನು ನಾನು ನೋಡಿದ್ದು ಅದೇ ಮೊದಲು. ಎತ್ತರದ ಹೆಂಗಸು, ಕೋಟು ಬಿಚ್ಚದೆಯೇ ಕೂತಳು. ಸುಹಾಸ್ ಕಿಟಕಿಯ ಕಡೆ ನೋಡುತ್ತಿದ್ದ, ಮರುಭೂಮಿಯ ಗಾಳಿಗೆ ಒಡೆದ ತುಟಿಯ ಗುರುತು ಇನ್ನೂ ಇತ್ತು. ನನ್ನ ಮೇಲೆ ದೂರು ಕೊಡಲು ಬಂದಿರಬಹುದೆಂದು ನನ್ನ ಮೇಲಧಿಕಾರಿಗೆ ಅನುಮಾನ, ಅವರೂ ಬಂದು ಕೂತಿದ್ದರು.

ಮರೈಕೆ ನನ್ನನ್ನೇ ನೋಡಿ ಕೇಳಿದಳು. "ಆಸ್ಪತ್ರೆಯಿಂದ ಫೋನ್ ಮಾಡುತ್ತೇನೆ ಅಂತ ಅಪ್ಪ ನಿಜವಾಗಿ ಹೇಳಿದರಾ? ಅಥವಾ ನೀವು ಎಲ್ಲರ ಮನೆಯವರಿಗೂ ಹೇಳುವ ಮಾತಾ ಅದು? ಸುಹಾಸ್‌ನ ಕೇಳಿದೆ. ಹೌದು ಅನ್ನುತ್ತಾನೆ. ಅವನು ನನಗೆ ನೋವಾಗಬಾರದು ಅಂತ ಏನು ಬೇಕಾದರೂ ಹೇಳುತ್ತಾನೆ."

ಹೇಳಿದ್ದರು ಎಂದೆ. ಆಮೇಲೆ ನಾನು ಬಿಟ್ಟಿದ್ದನ್ನೂ ಹೇಳಿದೆ. ಹಲ್ಲು ಕಟಕಟ ಅನ್ನುವುದು ಅವಳಿಗೆ ಕೇಳಿಸಬಾರದು ಅಂದಿದ್ದರು, ಒಟ್ಟು ಮೂರು ಸಲ ಕೇಳಿದೆವು, ಮೂರು ಸಲವೂ ಒಪ್ಪಲಿಲ್ಲ.

"ಮೂರು ಸಲ," ಅಂದಳು. "ಹಾಗಾದರೆ ಅದು ಅಪ್ಪನೇ. ಅಮ್ಮನ ಆಪರೇಶನ್ ದಿನವೂ ನನ್ನನ್ನು ಹೊರಗೇ ಕೂರಿಸಿದ್ದರು." ಸುಹಾಸ್ ಅವಳ ಕೈ ಹಿಡಿಯಲು ಹೋದ. ಅವಳು ಕೈ ಕೊಟ್ಟಳು, ಆದರೆ ಅವನತ್ತ ತಿರುಗಲಿಲ್ಲ. ನನ್ನನ್ನು ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ಥ್ಯಾಂಕ್ಸ್ ಅಂತಲೂ ಅನ್ನಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅದನ್ನು ಆವತ್ತೇ ಪೂರ್ತಿ ಹೇಳಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ," ಎಂದಳು.

ಈಗ ಹೊಸಬರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗಾಳಿ ನಿಲ್ಲಿಸಲು, ಬೆಟ್ಟ ಕರಗಿಸಲು ನಮ್ಮಿಂದ ಆಗುವುದಿಲ್ಲ, ಕೆಲವು ಕರೆಗಳಲ್ಲಿ ಏನೂ ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಆಮೇಲೆ ಇನ್ನೊಂದು ಹೇಳುತ್ತೇನೆ. ಅಂಥ ಹೊತ್ತಿನಲ್ಲಿ ಅಲ್ಲಿನವರ ಮಾತನ್ನು ಇಲ್ಲಿನವರಿಗೆ ಮುಟ್ಟಿಸುವುದೊಂದೇ ನಮ್ಮ ಕೈಯಲ್ಲಿರುವುದು. ಅದನ್ನು ಮೆತ್ತಗೆ ಮಾಡಬೇಡಿ. ಹೇಗೆ ಬಂತೋ ಹಾಗೇ ಮುಟ್ಟಿಸಿ. ಅವರು ಅದನ್ನು ಇಟ್ಟುಕೊಂಡು ಬಹಳ ವರ್ಷ ಬದುಕಬೇಕಾಗಿರುತ್ತದೆ.