ಮರಿಲಿಂಗನ ಮೂರನೇ ಬಣ್ಣ

ಸುರಪುರದ ರಂಗಂಪೇಟೆಯ ಪೇಂಟರ್ ಮರಿಲಿಂಗ ಫೋನಿನಲ್ಲಿ ಯಾವಾಗಲೂ ‘ನಿಮ್ಮ ಓಣ್ಯಾಗೇ ಬಂದೀನ್ರಿ’ ಅನ್ನುತ್ತಾನೆ; ಬರುವುದು ಎಂಟು ದಿನದ ಮೇಲೆ. ಬಂದವನೇ ಗೋಡೆಗೆ ಕಿವಿಯಿಟ್ಟು ಬೆರಳಿಂದ ತಟ್ಟಿ, ಹಿಂದಿನ ಪೇಂಟರನನ್ನು ಹೆಸರು ಹಿಡಿದು ಬೈದು, ಎರಡು ಕಪ್ ಚಹಾ ಕುಡಿದು, ಮೂರು ಬಣ್ಣಗಳನ್ನು ಅಂಗೈಯಗಲ ಬಳಿದು ತೋರಿಸುತ್ತಾನೆ. ಮೊದಲೆರಡು ಮನೆಯಿಂದ ಮನೆಗೆ ಬದಲಾಗುತ್ತವೆ. ಮೂರನೆಯದು ಎಲ್ಲರ ಮನೆಯಲ್ಲೂ ಅದೇ ಕಡಲೆಗಿಡದ ಎಳೆ ಹಸಿರು. ಊರಲ್ಲಿ ಇದುವರೆಗೆ ಅದನ್ನು ಯಾರೂ ಒಪ್ಪಿಲ್ಲ. ನಮ್ಮ ಗೋಡೆಗೂ ಅದನ್ನು ಬಳಿದಾಗ ‘ಮತ್ತ ಯಾಕ ಹಚ್ಚತಿ ಮರಿಲಿಂಗ?’ ಅಂದೆ. ‘ನಮ್ಮ ಮನಿಗಂತ ನಮ್ಮಾಕಿ ಆರಿಸಿದ್ದ ಬಣ್ಣರಿ. ಹಬ್ಬಕ್ಕ ಮಂದಿ ಮನಿ ಮೊದ್ಲು ಮುಗೀಲಿ ಅಂತ ವರ್ಷಾ ವರ್ಷಾ ನಮ್ಮನೀದು ಮುಂದ ಹಾಕಿದೆ. ಈಗ ಆಕೀನೇ ಇಲ್ಲ. ಆರೂತನಕ ನೋಡ್ತೀನ್ರಿ, ಅಷ್ಟ’ ಅಂದ. ಆರಿದ ಮೇಲೆ ತಾನೇ ಅದರ ಮೇಲೆ ಬಿಳಿ ಬಳಿದ.