ಬಾವುಟದ ಬುಡದಲ್ಲಿ ಒಡೆದ ಕಾಯಿ

ಬರ್ಮಾದಲ್ಲಿ ಕಂಡಂಥ ಹುಲ್ಲನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ನಮ್ಮ ಕೂಡ್ಲಿಗಿ ಸೀಮೆಯ ಹುಲ್ಲು ದನದ ಬಾಯಿಗೆ ಸಿಗುವ ಮೊದಲೇ ಬಿಸಿಲಿಗೆ ಕರಕಲಾಗುತ್ತದೆ. ಅಲ್ಲಿಯದು ಎಷ್ಟು ಒತ್ತಾಗಿತ್ತೆಂದರೆ, ಚಪ್ಪಲಿ ಬಿಟ್ಟೇ ಕಾಲಿಟ್ಟೆ.

ತೊಂಬತ್ತರ ದಶಕದ ಕೊನೆ. ಬೋರ್‌ವೆಲ್ ಲಾರಿಯ ಕೆಲಸಕ್ಕೆ ಏಜೆಂಟನೊಬ್ಬ ಕಾನಹೊಸಹಳ್ಳಿ ಕಡೆಯ ನನ್ನನ್ನೂ ಕೊಟ್ಟೂರಿನ ನನ್ನ ಗೆಳೆಯನನ್ನೂ ಅಲ್ಲಿಗೆ ಕಳಿಸಿದ್ದ. ಆಗ ಆ ದೇಶವನ್ನು ಸೈನ್ಯದವರು ಆಳುತ್ತಿದ್ದರು. ಹೊರಗಿನವರು ಬರುವುದೇ ಅಪರೂಪ. ನಮ್ಮ ಪಾಸ್‌ಪೋರ್ಟ್ ಅವರ ಬೀರುವಿನಲ್ಲಿತ್ತು. ಎಲ್ಲಿ ಓಡಾಡಬೇಕು ಎಂಬುದನ್ನೂ ಅವರೇ ಹೇಳುತ್ತಿದ್ದರು. ಅಧಿಕಾರಿಗಳು ಗಾಲ್ಫ್ ಆಡುವ ಮೈದಾನಕ್ಕೆ ನೀರು ತೆಗೆಯುವುದು ನಮ್ಮ ಕೆಲಸ.

ಗಾಲ್ಫ್ ಎಂದರೇನೆಂದು ಇಬ್ಬರಿಗೂ ತಿಳಿಯದು. ಹುಲ್ಲಿನ ನಡುವೆ ಕೆಂಪು ಬಾವುಟ, ಅದರ ಬುಡದಲ್ಲಿ ದುಂಡನೆಯ ತೂತು. ನಮ್ಮ ಕಡೆ ನೀರು ನೋಡುವವನು ಬೋರ್ ಕೊರೆಯಲು ಪಾಯಿಂಟ್ ಹೇಳಿದ ಜಾಗದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ.

“ನೋಡಲೇ, ಪಾಯಿಂಟ್ ಮಾಡಿ ತೂತೂ ಹೊಡ್ದಿಟ್ಟಾರ. ಎಂಥಾ ಶಿಸ್ತಿನ ಮಂದಿ!” ಎಂದೆ.

“ಇಂಥಾ ಹುಲ್ಲಿನ್ಯಾಗ ಲಾರಿ ಹತ್ತಿಸ್ತಾರೇನಲೇ? ಯಾರನ್ನರ ಕೇಳೋಣು ತಡಿ,” ಎಂದ ಗೆಳೆಯ.

“ನೀ ಬರೀ ಅಂಜುಬುರುಕ. ಕಾಯಿ ಕೊಡಿಲ್ಲಿ.”

ತೂತಿನ ಪಕ್ಕ ಹಾರೆ ಬಡಿದು, ಸುತ್ತ ಅರಿಸಿನ ಕುಂಕುಮ ಹಾಕಿ, ಆ ಹಾರೆಗೇ ಕಾಯಿ ಒಡೆದೆ.

ಹುಲ್ಲು ನೋಡಿಕೊಳ್ಳುವ ಮುದುಕ ಏದುಸಿರು ಬಿಡುತ್ತ ಓಡಿಬಂದ. ಅವನ ಅಜ್ಜ ಆಂಧ್ರದಿಂದ ಅಲ್ಲಿಗೆ ಹೋದವನಂತೆ. ಅವನಿಗೆ ಮುರುಕು ತೆಲುಗು ಬರುತ್ತಿತ್ತು, ನನಗೂ ಅಷ್ಟೇ. ಆ ತೂತು ಆಟದ ಚೆಂಡು ಬೀಳುವ ಕುಳಿ ಎಂದ. ಸಂಜೆ ದೊಡ್ಡ ಸಾಹೇಬ ಆಡಲು ಬರುತ್ತಾನೆ, ಚೆಂಡು ಇಲ್ಲಿ ಸ್ವಲ್ಪ ಕುಪ್ಪಳಿಸಿದರೂ ತನ್ನ ಕೆಲಸ, ಇರುವ ಮನೆ ಎರಡೂ ಹೋಗುತ್ತವೆ ಎಂದ. ಯಾರು ಮಾಡಿದ್ದೆಂದು ಕೇಳಿದ.

ನಾನು ಗೆಳೆಯನ ಕಡೆ ಬೆರಳು ತೋರಿಸಿದೆ. ಗೆಳೆಯನಿಗೆ ತೆಲುಗು ಬಾರದು. ಬೆರಳನ್ನು ನೋಡಿ ತಲೆ ತಗ್ಗಿಸಿದ.

ಮುದುಕ ಬೈಯಲಿಲ್ಲ. ಕಾಯಿಯ ಹೋಳುಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. ಮಂಡಿಯೂರಿ, ಕೆಂಪಾದ ಹುಲ್ಲನ್ನು ಹಂಚಿನಿಂದ ರೊಟ್ಟಿ ಎಬ್ಬಿಸಿದಷ್ಟು ಹಗುರಾಗಿ ಬೇರುಸಮೇತ ಎಬ್ಬಿಸಿದ. ಹಾರೆಯ ಗಾಯಕ್ಕೆ ಮರಳು ತುಂಬಿ, ಬೇರೆ ಮಡಿಯಿಂದ ಹುಲ್ಲಿನ ಹೆಂಟೆ ತಂದು ಕೂಡಿಸಿ, ಅಂಗೈಯಿಂದ ಒತ್ತುತ್ತ ಕೂತ. ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಟ್ಟ ನೋಡಿದ. ಮಧ್ಯಾಹ್ನ ನಾನೇ ಹೋಗಿ ಹುಡುಕಿದೆ, ಬೆಸುಗೆ ಸಿಗಲಿಲ್ಲ.

ಸಂಜೆ ಲಾರಿಯ ಮರೆಯಿಂದ ನೋಡಿದೆವು. ಮುದುಕ ಬಾವುಟ ಕಿತ್ತು ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ಚೆಂಡು ಉರುಳುತ್ತ ಬಂದು ಆ ಹೆಂಟೆಯ ಮೇಲೆಯೇ ಹಾದು, ಕುಪ್ಪಳಿಸದೆ ಕುಳಿಗೆ ಬಿತ್ತು. ಸಾಹೇಬ ನಕ್ಕ.

ಆಮೇಲೆ ಮುದುಕ ನೇರವಾಗಿ ನನ್ನ ಗೆಳೆಯನ ಬಳಿ ಬಂದು ಕೊಬ್ಬರಿಯ ಚೂರನ್ನು ಅವನ ಕೈಗಿಟ್ಟ. ಬಾವಿ ತೋಡುವ ಮುಂಚೆ ತನ್ನ ಅಜ್ಜಿಯೂ ಹೀಗೇ ಕಾಯಿ ಒಡೆಯುತ್ತಿದ್ದಳು, ಚಿಕ್ಕಂದಿನ ನಂತರ ಇವತ್ತೇ ನೋಡಿದ್ದು, ನಿನ್ನ ಕೈಗೆ ನೀರು ಸಿಗಲಿ ಎಂದ.

“ಏನಂತಾನಲೇ?” ಗೆಳೆಯ ಕೇಳಿದ.

“ನಿನ್ನ ಕೈಗುಣ ಚಲೋ ಐತಂತ.”

“ಕಾಯಿ ಒಡದಾಂವ ನೀನು, ತಗಾ,” ಎಂದು ಆ ಚೂರನ್ನು ನನಗೇ ಕೊಟ್ಟ.

ಮುದುಕ ಎದುರಿಗೇ ನಿಂತಿದ್ದ. ನಾನು ಮಾಡಿದ್ದು ಎನ್ನುವಷ್ಟು ತೆಲುಗು ನನಗೆ ಬರುತ್ತಿತ್ತು. ಕೊಬ್ಬರಿ ಬಾಯಿಗೆ ಹಾಕಿಕೊಂಡು ಅಗಿಯುತ್ತ ನಿಂತೆ.