ಬಿಲ್ಲು ನಿಂತ ಹಗಲು

ಮಸ್ಕಿಯ ಪಿಂಜಾರ ಓಣಿಯಲ್ಲಿ ಜಿಲಾನಿಸಾಬನ ಬಿಲ್ಲಿನ ಸದ್ದು ಕೇಳದಿದ್ದರೆ, ಅವನ ಹೆಂಡತಿ ಗುಲ್ಷನ್‌ಬೀಗೆ ಅರೆತಲೆಶೂಲೆ ಎದ್ದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಳಿದ ದಿನ ಅವನು ಸೂರಿಗೆ ತೂಗುಬಿಟ್ಟ ಆಳುದ್ದದ ಬಿಲ್ಲನ್ನು ಹತ್ತಿಯ ಮೇಲೆ ಹಿಡಿದು, ಮರದ ಕೊಡತಿಯಿಂದ ಅದರ ಹುರಿಯನ್ನು ಹೊಡೆಯುತ್ತಿದ್ದ. ಟಂಯ್, ಟಂಯ್. ಗಾದಿಯೊಳಗೆ ಕಲ್ಲಾಗಿ ಕೂತ ಹಳೆಯ ಹತ್ತಿಯೂ ಹಾರಾಡಿ ಅರಳುತ್ತಿತ್ತು. ಹೊಟ್ಟೆ ಹೊರೆಯುವ ಸದ್ದು ಅದು. ಹೆಂಡತಿಯ ತಲೆಗಾಗಿ ಅದನ್ನು ತಿಂಗಳಿಗೆ ಎರಡು ಮೂರು ದಿನ ನಿಲ್ಲಿಸುತ್ತಿದ್ದ, ಒಂದು ಮಾತೂ ಆಡದೆ.

ಸಾಲಗುಂದದಿಂದ ಸೊಸೆಯಾಗಿ ಬಂದ ಎರಡನೆಯ ವರ್ಷವೇ ಅವಳಿಗೆ ಈ ಶೂಲೆ ಗಂಟುಬಿದ್ದಿತ್ತು. ಮೊದಲು ಕಣ್ಣಿನ ಮೂಲೆಯಲ್ಲಿ ಒಂದು ಚುಕ್ಕಿ ಬೆಳಕು. ಅದು ಗರಗಸದ ಹಲ್ಲಿನಂತೆ ಮುರಿಮುರಿದು ಬೆಳೆದು, ಎದುರಿಗೆ ನಿಂತವರ ಅರ್ಧ ಮುಖವನ್ನು ನುಂಗುತ್ತಿತ್ತು. ಬೆರಳ ತುದಿಯಿಂದ ಜೋಮು ಮೆಲ್ಲಗೆ ಮುಂಗೈಗೆ, ಅಲ್ಲಿಂದ ತುಟಿಗೆ ಏರುತ್ತಿತ್ತು. ಅರ್ಧ ತಾಸಿಗೆ ಅದೆಲ್ಲ ಇಳಿದು, ಹಣೆಯ ಒಂದು ಮಗ್ಗುಲಲ್ಲಿ ಬಡಿತ ಶುರು. ವಾಂತಿ. ಬೆಳಕು ಬೇಡ, ಸದ್ದು ಬೇಡ, ಯಾರೂ ಮೈ ಮುಟ್ಟುವುದು ಬೇಡ. ಲವಂಗ ತೇದು ಹಚ್ಚಿದರು, ದರ್ಗಾದ ತಾಯಿತ ಕಟ್ಟಿದರು, ಗಾಳಿ ಬಡಿದಿದೆ ಎಂದು ಬೇವಿನ ಸೊಪ್ಪಿನಿಂದ ಬಡಿದರು. ಬಡಿದವರ ಕೈ ಸೋತಿತೇ ಹೊರತು ಶೂಲೆ ಸೋಲಲಿಲ್ಲ.

ಕೊನೆಗೆ ಜಿಲಾನಿಸಾಬನೇ ಮದ್ದು ಹುಡುಕಿದ. ಒಳಕೋಣೆಯ ಕಿಟಕಿಗೆ ಕಂಬಳಿ, ಬಾಗಿಲು ಬಂದ್, ಬಿಲ್ಲು ಬಂದ್. ಅವಳಾಗಿ ಎದ್ದು ಬಂದು "ಚಾ ಇಡ್ಲೇನ್ರೀ?" ಎನ್ನುವವರೆಗೆ ಆ ಬಾಗಿಲನ್ನು ಯಾರೂ ಮುಟ್ಟುವಂತಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಗಂಡ ಅಂದರೆ ಇವನು ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ಪಡಲಿ ಬಿಡಿ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಎಷ್ಟೋ ಹಗಲುಗಳನ್ನು ಕತ್ತಲಲ್ಲಿ ಕಳೆದ ಗುಲ್ಷನ್‌ಬೀ ದಣಿದುಹೋಗಿದ್ದಳು.

ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದ ಕಾಲ, ಐವತ್ತೆರಡನೆಯ ಇಸವಿ. ಬೇಸಿಗೆಯ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಅವಳ ಬಲಗೈ ಹಿಟ್ಟಿನ ಮೇಲೆಯೇ ಬಿದ್ದುಕೊಂಡಿತು. ಎತ್ತಿದರೆ ಏಳಲಿಲ್ಲ. ಚುಕ್ಕಿ ಬೆಳಕಿಲ್ಲ, ಜೋಮು ಏರಲಿಲ್ಲ, ನೋವೂ ಇಲ್ಲ. ದೀಪ ಆರಿದ ಹಾಗೆ ಒಂದೇ ಸಲಕ್ಕೆ ಅರ್ಧ ಮೈ ಹೋಗಿತ್ತು. ಇದು ಅದಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಗಂಡನನ್ನು ಕರೆಯಲು ಬಾಯಿ ತೆರೆದಳು. ಮಾತಿನ ಬದಲು ಜೊಲ್ಲು ಬಂತು. ಗಾಬರಿಗೆ ಎಡಗೈಯಿಂದ ತಲೆ ಹಿಡಿದುಕೊಂಡಳು. ಹಿಡಿಯಬಾರದಿತ್ತು!

"ಎದ್ದೈತೇನು? ಬಾ, ಬಾ," ಎಂದು ಓಡಿಬಂದ ಜಿಲಾನಿಸಾಬ ಅವಳನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಮಲಗಿಸಿದ. ಬೆಳಕು ಬೀಳದಿರಲೆಂದು ಮುಖಕ್ಕೆ ಸೆರಗು ಹೊದಿಸಿದ. "ಯಾರ್ನೂ ಬಿಡಂಗಿಲ್ಲ ನಾ. ನೀ ಮಕ್ಕೋ," ಎಂದು ಪಿಸುಗುಟ್ಟಿ ಬಾಗಿಲು ಎಳೆದುಕೊಂಡ. ಬಿಲ್ಲು ನಿಂತಿತು.

ಆ ಮೌನ ಯಾವತ್ತೂ ಅವಳಿಗೆ ತಂಪಾಗಿತ್ತು. ಇವತ್ತು ಅದು ಎದೆಯ ಮೇಲೆ ಕೂತಿತು. ಅವನು ಒಮ್ಮೆ ಒಳಗೆ ಬಂದರೆ ಸಾಕು, ಮುಖ ನೋಡಿದರೆ ಸಾಕು. ಎಷ್ಟು ಹೊತ್ತಿಗೋ ಎಡಗೈಗೆ ತಲೆದೆಸೆಯ ತಂಬಿಗೆ ಸಿಕ್ಕಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಉರುಳಿಸಿದಳು. ಠಣ್ ಎಂದಿತು. ಬಾಗಿಲು ತೆರೆಯಿತು, ಅವನೇ ಬಂದ! ಕತ್ತಲಲ್ಲಿ ತಡಕಾಡಿ ತಂಬಿಗೆ ಎತ್ತಿದ, ಇನ್ನೊಮ್ಮೆ ಬಡಿದು ಅವಳಿಗೆ ನೋವಾಗದಿರಲೆಂದು ಬಟ್ಟೆಯಲ್ಲಿ ಸುತ್ತಿ ದೂರ ಇಟ್ಟ. ಅವಳ ಮೈ ಮುಟ್ಟಲಿಲ್ಲ. ಬೆರಳ ತುದಿಯ ಮೇಲೆ ಹೊರಗೆ ಹೋಗಿ ಬಾಗಿಲು ಹಾಕಿಕೊಂಡ.

ಸಂಜೆ, ದುರಸ್ತಿಗೆ ಕೊಟ್ಟ ಗಾದಿ ಕೇಳಲು ಬಂದ ನೆರೆಮನೆಯ ಪಂಪಮ್ಮ, ಶೂಲೆ ಎದ್ದಿದೆ, ಒಳಗೆ ಹೋಗಬೇಡ ಎಂಬ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. "ಯಾವಾಗ್ಲೂ ಮಧ್ಯಾಹ್ನಕ್ಕ ಏಳ್ತಿದ್ಲಲ್ಲೋ ಜಿಲಾನಣ್ಣ? ಸರಿ ಅತ್ತಾಗ," ಎಂದವಳೇ ದೀಪ ಹಿಡಿದು ಒಳಗೆ ನುಗ್ಗಿದಳು. ಸೆರಗು ಸರಿಸಿದಳು.

"ಅಯ್ಯ ನಮ್ಮವ್ವ! ಬಾಯಿ ವಾರಿ ಆಗೇತಲ್ಲೋ! ಲಕ್ವಾ ಹೊಡದೈತಿ!"

ಮರುದಿನ ಮೊದಲ ಬಸ್ಸಿಗೆ ಲಿಂಗಸುಗೂರಿನ ದವಾಖಾನೆ. ವಯಸ್ಸಾದ ಡಾಕ್ಟರು ಅವಳ ಕೈಕಾಲು ಎತ್ತಿ ನೋಡಿ, "ಯಾವಾಗ ಆತು?" ಎಂದರು.

"ನಿನ್ನೆ ಮುಂಜಾನೆ ಸಾಹೇಬ್ರ. ನಾ ಅಕಿನ ಶೂಲೆ ಅಂತ..." ಎಂದ ಜಿಲಾನಿಸಾಬ.

"ಶೂಲೆ ಕೆರಿಯೊಳಗಿನ ಅಲಿ ಇದ್ದಂಗ ಸಾಬ. ಮಿದುಳಿನ ಮ್ಯಾಲೆ ಮೆಲ್ಲಕ ಹರೀತದ, ಹರದಲ್ಲಿ ಒಂದೀಟು ಮಬ್ಬು, ಆಮ್ಯಾಲ ನೋವು. ಅಲಿ ಹ್ವಾದ್ರ ನೀರು ಮೊದಲಿನಂಗ. ಇದು ಹಂಗಲ್ಲ, ಕಾಲುವಿ ತೂಬು ಮುಚ್ಚಿದಂಗ. ರಕ್ತ ಹೋಗದ ಜಾಗ ಒಣಗತದ. ಎಡಗಡಿ ಮಿದುಳು ಒಣಗಿದ್ರ ಬಲಗಡಿ ಮೈ, ಮಾತು, ಎರಡೂ ಹೋಗ್ತಾವ. ಮೆಲ್ಲಕ ಬಂದದ್ದು ಹೋಗ್ತದ, ಒಮ್ಮಿಗೇ ಬಂದದ್ದು ಕೂಡ್ರತದ."

"ನಿನ್ನೇನೇ ತಂದಿದ್ರ?"

"ನನ್ನ ಹತ್ರ ಇದಕ್ಕ ಮದ್ದಿಲ್ಲ. ನಿನ್ನೆ ತಂದಿದ್ರೂ ಇರ್ತಿದ್ದಿಲ್ಲ."

ಜಿಲಾನಿಸಾಬ ನಂಬಲಿಲ್ಲ. ಊರಿಗೆ ಬಂದವನೇ ಒಳಕೋಣೆಯ ಬಾಗಿಲನ್ನು ಕಿತ್ತು ಹಿತ್ತಲಿಗೆ ಎಸೆದ. ಅವಳ ಹಾಸಿಗೆಯನ್ನು ಬಿಲ್ಲಿನ ಪಕ್ಕಕ್ಕೇ ತಂದ. ಗಂಜಿ ಕುಡಿಸುವಾಗಲೂ ಅವಳ ಕಣ್ಣು ನೋಡುತ್ತಿರಲಿಲ್ಲ. ಮದ್ದಿಲ್ಲದ್ದು ಅವನ ತಪ್ಪಲ್ಲ ಎಂದು ಅವಳಿಗೆ ಗೊತ್ತಿತ್ತು. ಇಡೀ ಹಗಲು ಒಬ್ಬಳೇ ಬಿದ್ದಿದ್ದುದೇ ಅವಳಿಗೆ ನುಂಗಲಾರದ ತುತ್ತು. ಹೇಳಲು ಮಾತೆಲ್ಲಿದೆ?

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಣ್ಣಿನ ಮೂಲೆಯಲ್ಲಿ ಚುಕ್ಕಿ ಬೆಳಕು ಕಂಡಿತು. ಬಂದೆಯಾ, ಹಳೆಯ ಪೀಡೆಯೇ, ಎಂದುಕೊಂಡಳು ಗುಲ್ಷನ್‌ಬೀ. ಗರಗಸ ಬೆಳೆಯಿತು, ಬಡಿತ ಶುರುವಾಯಿತು. ಎಡಗೈ ತಾನಾಗಿ ಹಣೆಗೆ ಹೋಯಿತು. ಜಿಲಾನಿಸಾಬ ನೋಡಿದ, ಕೊಡತಿ ಕೆಳಗಿಟ್ಟ. ಮನೆ ಸುಮ್ಮನಾಯಿತು, ಅವಳು ಒಬ್ಬಳೇ ಬಿದ್ದಿದ್ದ ಆ ಹಗಲಿನ ಹಾಗೆ.

ಅವಳು ಅಂಗೈಯಿಂದ ನೆಲ ಬಡಿದಳು. ಅವನು ನೀರು ತಂದ, ದೂಡಿದಳು. ಕಂಬಳಿ ತಂದ, ಎಳೆದು ಒಗೆದಳು. ಅವನು ಕಂಗಾಲಾಗಿ ಮೊದಲ ಸಲ ಅವಳ ಕಣ್ಣನ್ನೇ ನೋಡುತ್ತ ಕುಕ್ಕರಿಸಿದ. ಅವಳು ಬಿಲ್ಲಿನ ಕಡೆ ಕೈ ಮಾಡಿ, ವಾರೆ ತುಟಿಯನ್ನು ಹಲ್ಲಿನಿಂದ ಕಚ್ಚಿ ಬಿಟ್ಟು, ನಾಲ್ಕು ತಿಂಗಳಲ್ಲಿ ಮೊದಲ ಮಾತು ಆಡಿದಳು.

"ಹೊಡಿ."

ಅವನು ಅಳುತ್ತ ಕೊಡತಿ ಎತ್ತಿದ. ಟಂಯ್. ಒಂದೊಂದು ಪೆಟ್ಟಿಗೂ ಅವಳ ತಲೆ ಸೀಳುತ್ತಿತ್ತು. ಅವನ ಕೈ ತಡೆದಾಗಲೆಲ್ಲ ಅವಳು ಮತ್ತೆ ಅಂದಳು, ಹೊಡಿ.